ನೈಟ್ ಹಾಲ್ಟ್

ಮಲ್ಲಿಪಟ್ಟಣ ದಾಟಿ, ಡಾಂಬರು ಮುಗಿಯುವಲ್ಲಿ
ನಮ್ಮ ಬಸ್ಸು ಮಲಗುತ್ತದೆ.
ಮೂರು ಜನರ ಸೀಟಿನಲ್ಲಿ ನಾನು, ಮೊಣಕಾಲು ಮಡಚಿ.
ಬಾನೆಟ್ಟಿನ ಪಕ್ಕ ಡ್ರೈವರ್ ಇನ್ನಾಸಪ್ಪ,
ಇಂಜಿನ್ನಿನ ಬಿಸಿ ಆರುವ ತನಕ ಅದಕ್ಕೆ ಬೆನ್ನು ಕೊಟ್ಟು.

ಆ ದಿನ ಅರಕಲಗೂಡಿನಲ್ಲಿ ಪಂಕ್ಚರ್.
ಜಾಕಿ ತಿರುಗಿಸಿದ್ದು ನಾನು, ಸ್ಟೆಪ್ನಿ ಎತ್ತಿದ್ದು ನಾನು.
ಊರು ಸೇರಿದಾಗ ಹತ್ತು ದಾಟಿತ್ತು.
ಇಳಿಯುವ ಮೊದಲೇ, ಅಭ್ಯಾಸಬಲ,
ಹೊಟ್ಟೆಗೆ ಹದಿನಾರು ಯೂನಿಟ್ಟು ಚುಚ್ಚಿಕೊಂಡೆ.
ಇಳಿದರೆ ಹೋಟೆಲಿನ ನಿಂಗಾಜಮ್ಮ ಬಾಗಿಲು ಹಾಕಿದ್ದಾಳೆ.
ಬುತ್ತಿಯಲ್ಲಿ ಮಧ್ಯಾಹ್ನದ ಅರ್ಧ ಮುದ್ದೆ, ಉಪ್ಸಾರಿನ ತಳ.
ಸಾಕು ಅಂದುಕೊಂಡೆ.

ಮೊದಲು ಬರುವುದು ಬೆವರು.
ಕಿಟಕಿಯ ಗಾಜಿಗೆ ನವೆಂಬರಿನ ಮಂಜು,
ನನ್ನ ಬೆನ್ನಿಗೆ ಮಾತ್ರ ಏಪ್ರಿಲ್.
ಆಮೇಲೆ ಬಸ್ಸಿನ ತುಂಬ ಜನ.
ಯಾರೂ ಟಿಕೆಟ್ ತಗೊಂಡಿಲ್ಲ.
ಒಬ್ಬ ಐನೂರರ ನೋಟು ಚಾಚುತ್ತಾನೆ,
ಚೀಲಕ್ಕೆ ಕೈ ಹಾಕಿದರೆ ಚಿಲ್ಲರೆಯ ಬದಲು ನೀರು.
ಎಣಿಸುತ್ತೇನೆ, ಮತ್ತೆ ಎಣಿಸುತ್ತೇನೆ,
ಏಳು ಆದಮೇಲೆ ಎಷ್ಟು ಅನ್ನುವುದು
ಹದಿನಾಲ್ಕು ವರ್ಷದ ಕಂಡಕ್ಟರಿಗೆ ಮರೆತುಹೋಗಿದೆ.

'ಹೆಸರು ಹೇಳು ನಿಂದು.' ಟಾರ್ಚಿನ ಹಿಂದೆ ಯಾರದೋ ದನಿ.
'ಕಟ್ಟಾಯ, ಗೊರೂರು, ಅರಕಲಗೂಡು,
ಇಳಿಯೋರು ಮುಂದೆ ಬನ್ನಿ' ಅಂದೆನಂತೆ.
ಕೈ ತಳ್ಳಿದೆನಂತೆ. ಬೈದೆನಂತೆ,
ಸತ್ತುಹೋದ ಅವನ ಅಪ್ಪನನ್ನೂ ಸೇರಿಸಿ.

ಎರಡು ವರ್ಷದ ಹಿಂದೆ, ಮೊದಲ ಸಲ,
ಇನ್ನಾಸಪ್ಪ ನನ್ನ ಬಾಯಿ ಮೂಸಿ ನೋಡಿದ್ದ.
ಈಗ ಮೂಸುವುದಿಲ್ಲ.
ಫಸ್ಟ್ ಏಯ್ಡ್ ಪೆಟ್ಟಿಗೆಯಲ್ಲಿ ಹತ್ತಿ ಇಲ್ಲ, ಅಯೋಡಿನ್ ಇಲ್ಲ,
ಉಪ್ಪಿನಕಾಯಿ ಬಾಟಲಿ ತೊಳೆದು ತುಂಬಿದ ಸಕ್ಕರೆ ಇದೆ.
ಲೋಟಕ್ಕೆ ಮೂರು ಚಮಚ, ನೀರು,
ಕಲಕುವುದು ಅವನ ಬೆರಳು, ಗ್ರೀಸಿನ ವಾಸನೆ.
'ನುಂಗು. ನುಂಗಿದ್ದು ನಂಗೆ ಕಾಣಬೇಕು.'
ನುಂಗಲಾರದಿದ್ದರೆ ಬಾಯಿಗೆ ಏನೂ ಹಾಕಬೇಡ,
ಗಾಡಿ ತೆಗೆದು ಸೀದಾ ಆಸ್ಪತ್ರೆಗೆ ಓಡಿಸು ಅಂತ
ನಾನೇ ಹೇಳಿಟ್ಟಿದ್ದೆ. ಅದಕ್ಕೇ
ಲೋಟ ಹಿಡಿಯುವ ಮೊದಲೇ ಅವನು ಹೆಡ್‌ಲೈಟು ಹಾಕಿರುತ್ತಾನೆ.

ಎದುರಿನ ಶಾಲೆಯ ಗೋಡೆ ದಡಬಡಿಸಿ ಎದ್ದು ನಿಂತಿತ್ತು.
ಹದಿನೈದು ನಿಮಿಷ.
ಹಸಿವು ಇನ್ನೂ ಇನ್ನೂ ಅಂದರೂ ಕೊಡುವಂತಿಲ್ಲ, ಕಾಯಬೇಕು.
ಕೈಯಲ್ಲಿ ವಾಚಿದ್ದರೂ ಇನ್ನಾಸಪ್ಪ ಜಪಸರ ತೆಗೆದ.
ನನ್ನ ಹಲ್ಲು ಕಟಕಟ.
ಹೊರಗೆ ನಾಯಿಯೊಂದು ಬೆಳಕಿಗೆ ಅಡ್ಡ ಬಂದು,
ನಮ್ಮನ್ನು ನೋಡಿ, ಬೊಗಳುವುದು ಬೇಡವೆಂದು ಹೋಯಿತು.
ಆಗ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ,
ಒಂದೊಂದಾಗಿ,
ಎಂಟೊಂದ್ಲ ಎಂಟು.
ಎಂಟೆರಡ್ಲ ಹದಿನಾರು.
ಓದಿದೆ. ಜೋರಾಗಿ ಓದಿದೆ.
'ಬಂದೆಯಾ?' ಅಂದ.

ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲ ಟ್ರಿಪ್ಪು.
ಸೊಪ್ಪಿನ ಕುಕ್ಕೆಯ ಹೆಂಗಸರಿಗೆ ಸೊನ್ನೆ ಟಿಕೆಟ್ಟು ಹರಿದು ಕೊಡುತ್ತಾ
ಅಂಗಿಯ ಜೇಬಿನಲ್ಲಿ ಒಂದು ಹಳೇ ಟಿಕೆಟ್ಟು ಸಿಕ್ಕಿತು,
ಹಿಂಬದಿಗೆ ಇನ್ನಾಸಪ್ಪನ ಸೊಟ್ಟ ಅಕ್ಷರ:
೨.೧೦ಕ್ಕೆ ೪೮
೨.೨೫ಕ್ಕೆ ೬೭, ಮತ್ತೆ ಸಕ್ಕರೆ
೨.೪೦ಕ್ಕೆ ೯೬, ಬಾಳೆಹಣ್ಣು, ಬಿಸ್ಕತ್ತು ನಾಕು.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ
ನಾನೂ ಹೀಗೇ ಬರೆಯುತ್ತೇನೆ, ಎಷ್ಟು ಕೊಡಬೇಕೆಂದು.
ಇಳಿಯುವಾಗ ಕೇಳಿ ಅನ್ನುತ್ತೇನೆ.
ಎಷ್ಟೋ ಜನ ಕೇಳದೇ ಇಳಿದುಹೋಗುತ್ತಾರೆ.

ಕನ್ನಡಿಯಲ್ಲಿ ಅವನ ಕಣ್ಣು ಕೆಂಪಗಿತ್ತು.
'ನಮ್ಮಪ್ಪ ನಿಂಗೇನೋ ಮಾಡಿದ್ದ?' ಅಂದ, ತಿರುಗದೆ.
ಬಾಟಲಿಯಲ್ಲಿ ಸಕ್ಕರೆ ತಳ ಕಂಡಿದೆ,
ಅರಕಲಗೂಡಿನಲ್ಲಿ ಇಳಿದು ಕೊಳ್ಳಬೇಕು.
ಇನ್ನೂ ಒಬ್ಬಳು ಓಡಿ ಬರುತ್ತಿದ್ದಾಳೆ, ಮಗು ಕಂಕುಳಲ್ಲಿ.
ತಡಿ. ಹತ್ತಲಿ.
ಹ್ಞಾಂ, ರೈಟ್.